ಟ್ರೇಯಲ್ಲಿ ಲ್ಯಾಪ್‌ಟಾಪ್, ಕೈಚೀಲದಲ್ಲಿ ಪವರ್ ಬ್ಯಾಂಕ್: ವಿಮಾನ ನಿಲ್ದಾಣದ ಎರಡು ಭಯಗಳು

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಶಿವಮೊಗ್ಗದಿಂದ ಬೆಂಗಳೂರಿಗೆ, ಅಲ್ಲಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಎರಡು ಲ್ಯಾಪ್‌ಟಾಪ್, ಒಂದು ಟ್ಯಾಬ್, ಒಂದು ಹಳೆಯ ಕ್ಯಾಮೆರಾ, 30,000 ಎಂಎಎಚ್ ಪವರ್ ಬ್ಯಾಂಕ್ ಮತ್ತು ನಾನು ರಾತ್ರಿ ಉಸಿರಾಟಕ್ಕೆ ಬಳಸುವ ಸಿಪ್ಯಾಪ್ ಯಂತ್ರ ನಮ್ಮ ಜೊತೆ ಇರುತ್ತವೆ. ಕಳೆದ ಬಾರಿ ಒಂದು ಕಡೆ ಲ್ಯಾಪ್‌ಟಾಪ್ ಹೊರಗೆ ತೆಗೆಯಲಿಲ್ಲವೆಂದು ಗದರಿದರು, ಇನ್ನೊಂದು ಕಡೆ ತೆಗೆದದ್ದಕ್ಕೇ ಗದರಿದರು. ಇದರಲ್ಲಿ ಏನಾದರೂ ತರ್ಕವಿದೆಯೇ? ಎಕ್ಸ್-ರೇಯಿಂದ ಹಾರ್ಡ್ ಡಿಸ್ಕಿನಲ್ಲಿರುವ ಫೋಟೊಗಳು ಅಳಿಸಿಹೋಗುವುದಿಲ್ಲವೇ? ಈ ಎಲ್ಲ ರಗಳೆಯ ಬದಲು ಎಲ್ಲವನ್ನೂ ದೊಡ್ಡ ಸೂಟ್‌ಕೇಸಿಗೆ ತುಂಬಿ ಚೆಕ್-ಇನ್‌ನಲ್ಲಿ ಕಳುಹಿಸಿಬಿಟ್ಟರೆ ಆಗದೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆಗದು. ಪೂರ್ತಿ ಆಫ್ ಮಾಡಿದ ಲ್ಯಾಪ್‌ಟಾಪನ್ನು ಸೂಟ್‌ಕೇಸಿನಲ್ಲಿ ಕಳುಹಿಸಲು ನಿಯಮ ಒಪ್ಪುತ್ತದೆ, ನಾನು ಒಪ್ಪುವುದಿಲ್ಲ. ಪವರ್ ಬ್ಯಾಂಕ್ ಕಳುಹಿಸಲು ನಿಯಮವೂ ಒಪ್ಪುವುದಿಲ್ಲ. ಕಳುಹಿಸಿದರೆ ಕೆಳಗಿನ ಎಕ್ಸ್-ರೇಯಲ್ಲಿ ಅದು ಸಿಕ್ಕಿಬೀಳುತ್ತದೆ, ನಿಮ್ಮ ಹೆಸರು ಕೂಗುತ್ತಾರೆ, ಸೂಟ್‌ಕೇಸ್ ತೆರೆಸುತ್ತಾರೆ. ನೀವು ಆ ಹೊತ್ತಿಗೆ ಎಲ್ಲೋ ಕಾಫಿ ಕುಡಿಯುತ್ತಾ ಕುಳಿತಿದ್ದರೆ ವಿಮಾನ ನಿಮ್ಮನ್ನು ಹೊತ್ತು ಹಾರುತ್ತದೆ, ಸೂಟ್‌ಕೇಸ್ ಬೆಂಗಳೂರಿನಲ್ಲೇ ಉಳಿಯುತ್ತದೆ.

ತರ್ಕವಿದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಒಂದಲ್ಲ, ಎರಡು. ಲ್ಯಾಪ್‌ಟಾಪಿನ ಒಳಗೆ ಯಾರಾದರೂ ಏನನ್ನಾದರೂ ಅಡಗಿಸಿಟ್ಟಿರಬಹುದು ಎಂಬುದು ಒಂದು ಭಯ. ಯಾರೂ ಏನನ್ನೂ ಅಡಗಿಸದಿದ್ದರೂ ಅದರ ಬ್ಯಾಟರಿ ತಾನಾಗಿ ಹೊತ್ತಿಕೊಳ್ಳಬಹುದು ಎಂಬುದು ಇನ್ನೊಂದು. ಮೊದಲನೆಯದನ್ನು ನೋಡಿಕೊಳ್ಳುವವರು ಭದ್ರತೆಯವರು: ನಮ್ಮಲ್ಲಿ ನಿಯಮ ಮಾಡುವುದು ಬಿಸಿಎಎಸ್ (ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ), ಹೆಚ್ಚಿನ ದೊಡ್ಡ ನಿಲ್ದಾಣಗಳಲ್ಲಿ ಜಾರಿ ಮಾಡುವುದು ಸಿಐಎಸ್‌ಎಫ್ (ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ). ಎರಡನೆಯದು ವಿಮಾನ ಸುರಕ್ಷತೆಯ ವಿಷಯ, ಅದು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮತ್ತು ವಿಮಾನಯಾನ ಸಂಸ್ಥೆಗಳ ಪಾಲಿನದು. ಪ್ರಯಾಣಿಕರಿಗೆ ಎರಡೂ ಒಂದೇ ಸಾಲಿನಲ್ಲಿ, ಒಂದೇ ಗದರಿಕೆಯ ದನಿಯಲ್ಲಿ ಎದುರಾಗುವುದರಿಂದ ಎಲ್ಲವೂ ಕಲಸುಮೇಲೋಗರವಾಗಿ ಕಾಣುತ್ತದೆ. ಬೇರ್ಪಡಿಸಿ ನೋಡಿ, ಯಾವ ನಿಯಮ ಏಕಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಮೊದಲ ಭಯಕ್ಕೆ ವಯಸ್ಸಾಗಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಬಳಿ ಆಗಸದಲ್ಲೇ ಸಿಡಿದು 329 ಜನ ಸತ್ತರು. ಅದಕ್ಕೆ ಸುಮಾರು ಒಂದು ಗಂಟೆ ಮೊದಲು ಜಪಾನಿನ ನರಿತಾ ನಿಲ್ದಾಣದಲ್ಲಿ ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಹೋಗಬೇಕಿದ್ದ ಪೆಟ್ಟಿಗೆ ಸ್ಫೋಟಿಸಿ, ಸಾಮಾನು ಹೊರುತ್ತಿದ್ದ ಇಬ್ಬರು ಕೆಲಸಗಾರರು ಬಲಿಯಾಗಿದ್ದರು. ಆ ಬಾಂಬನ್ನು ಇಟ್ಟಿದ್ದುದು ಒಂದು ಸ್ಯಾನ್ಯೊ ಸ್ಟೀರಿಯೊ ಟ್ಯೂನರ್ ಒಳಗೆ. ಮೂರು ವರ್ಷಗಳ ನಂತರ, 1988ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನ ಲಾಕರ್ಬಿಯ ಮೇಲೆ ಪ್ಯಾನ್ ಆಮ್ ವಿಮಾನವನ್ನು ಉರುಳಿಸಿದ್ದು ತೋಷಿಬಾ ರೇಡಿಯೊ ಕ್ಯಾಸೆಟ್ ಪ್ಲೇಯರಿನೊಳಗಿನ ಬಾಂಬ್. ಅಲ್ಲಿ ಸತ್ತವರು 270 ಜನ. 2016ರ ಫೆಬ್ರವರಿಯಲ್ಲಿ ಸೊಮಾಲಿಯಾದ ಮೊಗದಿಶುವಿನಿಂದ ಹೊರಟ ಡಾಲೊ ಏರ್‌ಲೈನ್ಸ್ ವಿಮಾನದ ಪಕ್ಕೆಯಲ್ಲಿ ತೂತು ಬಿದ್ದದ್ದು ಲ್ಯಾಪ್‌ಟಾಪಿನೊಳಗಿನ ಬಾಂಬಿನಿಂದ. ವಿಮಾನ ಇನ್ನೂ ಹೆಚ್ಚು ಎತ್ತರಕ್ಕೆ ಏರಿರಲಿಲ್ಲ, ಹಾಗಾಗಿ ಬಾಂಬ್ ಒಯ್ದವನೊಬ್ಬನೇ ಸತ್ತ, ಪೈಲಟ್ ವಿಮಾನವನ್ನು ಮರಳಿ ಇಳಿಸಿದರು. ವೈರು, ಬ್ಯಾಟರಿ, ಸರ್ಕ್ಯೂಟ್ ಮೊದಲೇ ಇರುವ ಪೆಟ್ಟಿಗೆಯೊಳಗೆ ಇನ್ನೊಂದಿಷ್ಟು ವೈರು ಸೇರಿದರೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಎಲೆಕ್ಟ್ರಾನಿಕ್ ಸಾಧನಗಳ ಮೇಲೆ ಈ ಪರಿಯ ಕಣ್ಣು.

ಈಗ ಎಕ್ಸ್-ರೇ ಯಂತ್ರದ ವಿಚಾರ. ನಮ್ಮ ನಿಲ್ದಾಣಗಳಲ್ಲಿ ಹೆಚ್ಚಾಗಿರುವ ಸಾಮಾನ್ಯ ಯಂತ್ರ ಎರಡು ಶಕ್ತಿಮಟ್ಟದ ಕಿರಣಗಳನ್ನು ಹಾಯಿಸಿ, ವಸ್ತುಗಳನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಹಗುರ ಪರಮಾಣುಗಳಿಂದಾದ ಸಾವಯವ ವಸ್ತುಗಳು ಕಿತ್ತಳೆ, ಕಬ್ಬಿಣ ತಾಮ್ರದಂತಹ ಲೋಹಗಳು ನೀಲಿ, ನಡುವಿನವು ಹಸಿರು. ಕಿರಣ ದಾಟಲಾರದಷ್ಟು ದಟ್ಟವಾದದ್ದು ಕಪ್ಪು. ಆದರೆ ಇದು ಚಪ್ಪಟೆ ಚಿತ್ರ. ನಾಲ್ಕಾರು ಫಿಲ್ಮ್ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಬೆಳಕಿಗೆ ಹಿಡಿದಂತೆ, ಚೀಲದಲ್ಲಿರುವುದೆಲ್ಲ ಒಂದೇ ಪದರವಾಗಿ ಕಾಣುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ, ಶಾಖ ಹೊರಹಾಕುವ ತಾಮ್ರದ ಕೊಳವೆಗಳು, ಸರ್ಕ್ಯೂಟ್ ಬೋರ್ಡ್ ಸೇರಿ ಚೀಲದ ಮುಕ್ಕಾಲು ಪಾಲನ್ನು ಮುಚ್ಚಿಬಿಡುತ್ತವೆ. ಲ್ಯಾಪ್‌ಟಾಪನ್ನು ಹೊರಗೆ ತೆಗೆಯಿಸುವುದು ಅದನ್ನು ಚೆನ್ನಾಗಿ ನೋಡುವುದಕ್ಕೆ ಎಷ್ಟೋ, ಅದು ಮರೆಮಾಡಿದ್ದ ಉಳಿದ ವಸ್ತುಗಳನ್ನು ನೋಡುವುದಕ್ಕೂ ಅಷ್ಟೇ. ಟ್ರೇಯಲ್ಲಿ ಲ್ಯಾಪ್‌ಟಾಪಿನ ಮೇಲೆ ಜಾಕೆಟ್, ಬೆಲ್ಟ್, ಪರ್ಸ್ ಪೇರಿಸಿದರೆ ಹೊರಗೆ ತೆಗೆದು ಏನೂ ಸಾಧಿಸಿದಂತಾಗಲಿಲ್ಲ. ಭದ್ರತೆಯವರು ಇನ್ನೊಂದು ಟ್ರೇ ತೆಗೆದುಕೊಳ್ಳಿ ಎಂದರೆ ಅದು ಕಿರುಕುಳವಲ್ಲ.

ಇಲ್ಲಿ ಕರ್ನಾಟಕದ ಪ್ರಯಾಣಿಕರಿಗೆ ಒಂದು ಕಿವಿಮಾತು. ಸ್ಫೋಟಕಗಳೂ ಸಾವಯವ, ಧಾರವಾಡ ಪೇಢೆಯೂ ಸಾವಯವ. ಮೈಸೂರು ಪಾಕು, ಅಂಟಿನುಂಡೆ, ಒತ್ತಿ ಕಟ್ಟಿದ ಚಟ್ನಿಪುಡಿ ಎಲ್ಲವೂ ಪರದೆಯ ಮೇಲೆ ದಟ್ಟ ಕಿತ್ತಳೆ ಗಟ್ಟಿಗಳು. ಆ ಗಟ್ಟಿಯ ಪಕ್ಕದಲ್ಲೇ ಪವರ್ ಬ್ಯಾಂಕ್ ಇದ್ದು, ಅದಕ್ಕೆ ಸುತ್ತಿದ ಚಾರ್ಜರ್ ವೈರು ಸಿಹಿಯ ಡಬ್ಬಿಯನ್ನು ಹಾದುಹೋಗಿದ್ದರೆ, ತರಬೇತಿಯಲ್ಲಿ ಕಲಿಸಿದ ಬಾಂಬಿನ ಚಿತ್ರವೇ ಪರದೆಯ ಮೇಲೆ ಮೂಡುತ್ತದೆ: ವಿದ್ಯುತ್ ಮೂಲ, ತಂತಿ, ಗಟ್ಟಿ ಸಾವಯವ ವಸ್ತು. ಚೀಲ ಪಕ್ಕಕ್ಕೆ ಸರಿಯದಿದ್ದರೆ ನಾನೇ ಆ ತಪಾಸಕನ ಮೇಲೆ ದೂರು ಕೊಡುತ್ತೇನೆ. ನಮ್ಮ ನಿಲ್ದಾಣಗಳಲ್ಲಿ ಲ್ಯಾಪ್‌ಟಾಪ್ ಸಾಲದೆಂಬಂತೆ ಚಾರ್ಜರ್, ಪವರ್ ಬ್ಯಾಂಕ್, ವೈರುಗಳನ್ನೂ ಹೊರಗೆ ತೆಗೆಯಿಸುವುದಕ್ಕೆ ಕಾರಣವೂ ಇದೇ. ಮಗಳಿಗೆ ಒಯ್ಯುವ ಸಿಹಿಯನ್ನು ಸೂಟ್‌ಕೇಸಿನಲ್ಲಿಡಿ. ವೈರು, ಚಾರ್ಜರ್‌ಗಳನ್ನೆಲ್ಲ ಒಂದು ಪಾರದರ್ಶಕ ಚೀಲದಲ್ಲಿ ಹಾಕಿಟ್ಟರೆ ಒಮ್ಮೆಲೇ ಎತ್ತಿ ಟ್ರೇಗೆ ಇಡಬಹುದು. ಇದರಿಂದ ಉಳಿಯುವಷ್ಟು ಸಮಯ ಬೇರೆ ಯಾವ ಉಪಾಯದಿಂದಲೂ ಉಳಿಯುವುದಿಲ್ಲ.

ಸಿಹಿಯ ಮಾತು ಬಂದಾಗ ಕೊಬ್ಬರಿಯನ್ನೂ ಹೇಳಿಬಿಡಬೇಕು, ವಿಷಯಾಂತರವಾದರೂ ಸರಿ. ತಿಪಟೂರಿನ ಕೊಬ್ಬರಿ ಎಷ್ಟೇ ಪ್ರಸಿದ್ಧವಾಗಿದ್ದರೂ ಚೀಲದಲ್ಲಿ ತುಂಬಿಕೊಳ್ಳಬೇಡಿ. ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಒಣ ಕೊಬ್ಬರಿಗೆ 1363 ಎಂಬ ಸಂಖ್ಯೆಯೇ ಇದೆ. ಎಣ್ಣೆಯಂಶದಿಂದ ತಾನಾಗಿ ಕಾಯ್ದು ಹೊತ್ತಿಕೊಳ್ಳಬಲ್ಲ ವಸ್ತು ಎಂಬುದು ಅದರ ಮೇಲಿನ ಆರೋಪ. ನಗಬೇಡಿ, ಲಿಥಿಯಂ ಬ್ಯಾಟರಿಯ ಮೇಲಿರುವುದೂ ಹೆಚ್ಚುಕಡಿಮೆ ಅದೇ ಆರೋಪ.

ಹಾಗಾದರೆ ಇನ್ನೊಂದು ಕಡೆ ಲ್ಯಾಪ್‌ಟಾಪ್ ತೆಗೆದದ್ದಕ್ಕೆ ಗದರಿದ್ದೇಕೆ? ಅಲ್ಲಿದ್ದುದು ಸಿ.ಟಿ. ಯಂತ್ರ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ತತ್ವವೇ ಇಲ್ಲೂ ಇದೆ. ಕಿರಣದ ಮೂಲ ಚೀಲದ ಸುತ್ತ ತಿರುಗುತ್ತದೆ, ಕಂಪ್ಯೂಟರ್ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ತಪಾಸಕರು ಚೀಲವನ್ನು ಪರದೆಯ ಮೇಲೆ ತಿರುಗಿಸಿ, ಲ್ಯಾಪ್‌ಟಾಪನ್ನು ಪದರ ಪದರವಾಗಿ ಸರಿಸಿ ಅದರ ಹಿಂದೆ ಏನಿದೆ ಎಂದು ನೋಡಬಲ್ಲರು. ವಸ್ತುವಿನ ಸಾಂದ್ರತೆಯನ್ನೂ ಯಂತ್ರವೇ ಲೆಕ್ಕಹಾಕಿ ಸಂಶಯ ಬಂದಲ್ಲಿ ಗುರುತು ಹಾಕುತ್ತದೆ. ಅಲ್ಲಿ ನೀವು ಲ್ಯಾಪ್‌ಟಾಪ್ ಹೊರಗೆ ತೆಗೆದರೆ ಟ್ರೇಗಳ ಸಂಖ್ಯೆ ಸುಮ್ಮನೆ ಹೆಚ್ಚುತ್ತದೆ, ಸಾಲು ನಿಧಾನವಾಗುತ್ತದೆ, ಅದಕ್ಕೇ ಗದರುತ್ತಾರೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ 2023ರ ಕೊನೆಯಲ್ಲಿ ಇಂತಹ ಯಂತ್ರದ ಪ್ರಯೋಗ ಶುರುವಾಯಿತು. ಅಮೆರಿಕದಲ್ಲೂ ಯುರೋಪಿನಲ್ಲೂ ಇವು ಹರಡುತ್ತಿವೆ, ಆದರೆ ಒಂದೇ ನಿಲ್ದಾಣದ ಎರಡು ಸಾಲುಗಳಲ್ಲಿ ಎರಡು ಬಗೆಯ ಯಂತ್ರ ಇರುವುದು ಸಾಮಾನ್ಯ. ಹಾಗಾಗಿ ನಿಮ್ಮ ಮುಂದಿನವರನ್ನು ನೋಡಿ ಕಲಿಯಿರಿ, ಪಕ್ಕದ ಸಾಲನ್ನು ನೋಡಿ ಕಲಿಯಬೇಡಿ. ಕಳೆದ ಸಲ ಇಲ್ಲಿ ತೆಗೆದಿರಲಿಲ್ಲ ಎಂಬ ವಾದವನ್ನು ಜಗತ್ತಿನ ಯಾವ ತಪಾಸಣಾ ಸಾಲಿನಲ್ಲೂ ಯಾರೂ ಗೆದ್ದಿಲ್ಲ.

ಚೀಲ ಯಂತ್ರದೊಳಗೆ ತುಸು ಹೆಚ್ಚು ಹೊತ್ತು ನಿಂತರೆ ಎದೆ ಹೊಡೆದುಕೊಳ್ಳುವ ಅಗತ್ಯವಿಲ್ಲ. ತಪಾಸಕರ ಎಚ್ಚರವನ್ನು ಪರೀಕ್ಷಿಸಲು ಹಲವು ಯಂತ್ರಗಳು ಆಗಾಗ್ಗೆ ನಿಜವಾದ ಚೀಲದ ಚಿತ್ರದೊಳಗೆ ಪಿಸ್ತೂಲು, ಚಾಕು, ಬಾಂಬಿನ ಕೃತಕ ಚಿತ್ರವನ್ನು ಸೇರಿಸುತ್ತವೆ. ತಪಾಸಕ ಗುಂಡಿ ಒತ್ತಿ ಅದನ್ನು ಗುರುತಿಸಬೇಕು. ನಿಮ್ಮ ಲ್ಯಾಪ್‌ಟಾಪ್ ಚೀಲದಲ್ಲಿ ಅವರು ಆ ಕ್ಷಣ ನೋಡುತ್ತಿರುವ ಪಿಸ್ತೂಲು ಕಂಪ್ಯೂಟರಿನದಾಗಿರಬಹುದು. ಪರದೆ ನೋಡುವ ಕೆಲಸ ಎಷ್ಟು ದಣಿಸುವಂಥದ್ದು ಎಂದರೆ, ಯುರೋಪಿನ ನಿಯಮದ ಪ್ರಕಾರ ಒಬ್ಬರು ಸತತವಾಗಿ ಸಾಮಾನ್ಯವಾಗಿ 20 ನಿಮಿಷಕ್ಕಿಂತ ಹೆಚ್ಚು ಚಿತ್ರ ನೋಡುವಂತಿಲ್ಲ.

ಕೆಲವೊಮ್ಮೆ ಚಿಕ್ಕ ಬಟ್ಟೆಯ ಪಟ್ಟಿಯಿಂದ ಲ್ಯಾಪ್‌ಟಾಪಿನ ಕೀಲಿಮಣೆ, ಅಂಚುಗಳನ್ನು ಒರೆಸಿ ಇನ್ನೊಂದು ಪೆಟ್ಟಿಗೆಗೆ ತೂರಿಸುತ್ತಾರೆ. ಅದು ಸ್ಫೋಟಕದ ಅತಿಸೂಕ್ಷ್ಮ ಕಣಗಳನ್ನು ಹುಡುಕುವ ಸಾಧನ. ರಸಗೊಬ್ಬರ ಮುಟ್ಟಿದ ಕೈ, ಗ್ಲಿಸರಿನ್ ಇರುವ ಕ್ರೀಮು, ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಇವುಗಳಿಂದ ಅದು ಸುಳ್ಳು ಎಚ್ಚರಿಕೆ ಕೊಡುವುದುಂಟು. ತೋಟಕ್ಕೆ ಗೊಬ್ಬರ ಹಾಕಿದ ಮರುದಿನವೇ ಹೊರಡುವ ಮಲೆನಾಡಿಗರು ಕೈಯನ್ನೂ ಚೀಲವನ್ನೂ ಚೆನ್ನಾಗಿ ತೊಳೆದುಕೊಳ್ಳುವುದು ಒಳ್ಳೆಯದು. ಮಾತ್ರೆಗಳಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಅಮೆರಿಕಕ್ಕೆ ಹೋಗುವ ಬೋರ್ಡಿಂಗ್ ಪಾಸಿನ ಮೇಲೆ ‘ಎಸ್‌ಎಸ್‌ಎಸ್‌ಎಸ್’ ಎಂದು ಅಚ್ಚಾಗಿದ್ದರೆ ಇಂತಹ ಹೆಚ್ಚುವರಿ ತಪಾಸಣೆ ಖಚಿತ. ಆಗ ಪ್ರತಿಯೊಂದು ಸಾಧನವನ್ನೂ ಆನ್ ಮಾಡಿ ತೋರಿಸಿ ಎನ್ನಬಹುದು. 2014ರ ಜುಲೈಯಲ್ಲಿ ಅಮೆರಿಕ ಕೆಲವು ವಿದೇಶಿ ನಿಲ್ದಾಣಗಳಲ್ಲಿ ಇದನ್ನು ಶುರುಮಾಡಿದಾಗ, ಆನ್ ಆಗದ ಸಾಧನಕ್ಕೆ ವಿಮಾನದಲ್ಲಿ ಜಾಗವಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿತು. ಎರಡು ಲ್ಯಾಪ್‌ಟಾಪ್, ಟ್ಯಾಬ್, ಕ್ಯಾಮೆರಾ ಎಲ್ಲವೂ ಮನೆಯಿಂದ ಹೊರಡುವಾಗ ಚಾರ್ಜ್ ಆಗಿರಲಿ. ಕೆಟ್ಟು ಕುಳಿತ ಲ್ಯಾಪ್‌ಟಾಪನ್ನು ಅಳಿಯ ರಿಪೇರಿ ಮಾಡಿಕೊಡುತ್ತಾನೆಂದು ಒಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಎಕ್ಸ್-ರೇಯಿಂದ ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಯಾವುದಕ್ಕೂ ಏನೂ ಆಗುವುದಿಲ್ಲ. ಹಳೆಯ ಕ್ಯಾಮೆರಾ ಎಂದಿರಿ. ಅದು ಫಿಲ್ಮ್ ರೋಲಿನ ಕ್ಯಾಮೆರಾ ಆಗಿದ್ದರೆ ಮಾತು ಬೇರೆ. ತೊಳೆಯದ ಫಿಲ್ಮನ್ನು ಸಿ.ಟಿ. ಯಂತ್ರ ಹಾಳುಮಾಡುತ್ತದೆ. ರೋಲುಗಳನ್ನು ಕೈಯಲ್ಲಿ ಹಿಡಿದು, ಕೈಯಿಂದಲೇ ಪರೀಕ್ಷಿಸಿ ಎಂದು ವಿನಂತಿಸಿಕೊಳ್ಳಿ. ಸೂಟ್‌ಕೇಸಿನಲ್ಲಂತೂ ಬೇಡವೇ ಬೇಡ.

ಇನ್ನು ಎರಡನೆಯ ಭಯ. ಲಿಥಿಯಂ ಬ್ಯಾಟರಿಯ ಒಂದು ಕೋಶದೊಳಗೆ ಶಾರ್ಟ್ ಸರ್ಕ್ಯೂಟ್ ಆದರೆ ಅದು ಕಾಯುತ್ತದೆ, ಆ ಕಾವು ಪಕ್ಕದ ಕೋಶವನ್ನು ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ಸರಕು ಕೋಣೆಯಲ್ಲಿರುವ ಹ್ಯಾಲನ್ ಅನಿಲ ಜ್ವಾಲೆಯನ್ನು ಅಡಗಿಸುತ್ತದೆ, ಕಾವನ್ನು ಇಳಿಸುವುದಿಲ್ಲ. ಇಳಿಸುವುದು ನೀರು. ನೀರು ಸುರಿಯಲು ಮನುಷ್ಯರು ಬೇಕು, ಮನುಷ್ಯರಿರುವುದು ಮೇಲೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕೆನ್ನುವ ನಿಯಮದ ಸಾರ ಇಷ್ಟೇ. 2010ರ ಸೆಪ್ಟೆಂಬರಿನಲ್ಲಿ ದುಬೈಯಿಂದ ಹೊರಟ ಯುಪಿಎಸ್ ಸಂಸ್ಥೆಯ ಸರಕು ವಿಮಾನದಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ಇಬ್ಬರು ಪೈಲಟ್‌ಗಳೂ ಸತ್ತರು. ಅಮೆರಿಕದ ವಾಯುಯಾನ ಪ್ರಾಧಿಕಾರ 2017ರಲ್ಲಿ ಒಂದು ಪ್ರಯೋಗ ಮಾಡಿತು: ಸೂಟ್‌ಕೇಸಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಅದಕ್ಕೆ ಕೂದಲಿಗೆ ಸಿಂಪಡಿಸುವ ಸ್ಪ್ರೇ ಡಬ್ಬಿಯೊಂದನ್ನು ತಾಗಿಸಿ, ಬ್ಯಾಟರಿಯನ್ನು ಬಿಸಿಮಾಡಿತು. ಬೆಂಕಿ ಹತ್ತಿದ ಮೇಲೆ ಡಬ್ಬಿ ಸಿಡಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಸೂಟ್‌ಕೇಸಿನಲ್ಲಿ ಲ್ಯಾಪ್‌ಟಾಪ್ ಕಳುಹಿಸಲು ನಾನು ಒಪ್ಪದಿರುವುದು ಇದಕ್ಕೇ. ಕಳವು, ಎಸೆತ, ಒಡೆತಗಳ ಮಾತನ್ನು ನಾನಿನ್ನೂ ಎತ್ತಿಲ್ಲ.

ಎರಡು ಭಯಗಳೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದೂ ಉಂಟು. 2017ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರವು ದುಬೈ, ಅಬುಧಾಬಿ, ದೋಹಾ, ಇಸ್ತಾಂಬುಲ್ ಸೇರಿ 10 ನಿಲ್ದಾಣಗಳಿಂದ ನೇರವಾಗಿ ತನ್ನಲ್ಲಿಗೆ ಬರುವ ವಿಮಾನಗಳಲ್ಲಿ ಫೋನಿಗಿಂತ ದೊಡ್ಡ ಸಾಧನಗಳನ್ನು ಮೇಲೆ ಒಯ್ಯಬಾರದು, ಕೆಳಗೆ ಹಾಕಬೇಕು ಎಂದಿತು. ಕೊಲ್ಲಿಯ ಮೂಲಕ ಅಮೆರಿಕಕ್ಕೆ ಹೋಗುತ್ತಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಜನ ಆ ತಿಂಗಳುಗಳನ್ನು ಇನ್ನೂ ಮರೆತಿರಲಾರರು. ಬಾಂಬಿನ ಭಯಕ್ಕೆ ಅದು ಸರಿಯಾದ ಮದ್ದೆಂದು ಅಮೆರಿಕದವರು ವಾದಿಸಿದರು. ಬ್ಯಾಟರಿಯ ಭಯಕ್ಕೆ ಅದಕ್ಕಿಂತ ಕೆಟ್ಟ ಮದ್ದಿರಲಿಲ್ಲ, ನೂರಾರು ಲ್ಯಾಪ್‌ಟಾಪ್‌ಗಳನ್ನು ಯಾರ ಕಣ್ಣಿಗೂ ಬೀಳದ ಕೋಣೆಗೆ ತುಂಬಿದಂತಾಯಿತು. ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಆಗಲೇ ಈ ಬಗ್ಗೆ ಎಚ್ಚರಿಸಿತ್ತು. ಜುಲೈ ಹೊತ್ತಿಗೆ ಆ ನಿಲ್ದಾಣಗಳು ತಪಾಸಣೆಯನ್ನು ಬಿಗಿಗೊಳಿಸಿ ನಿಷೇಧದಿಂದ ಹೊರಬಂದವು.

ನಿಮ್ಮ ಪವರ್ ಬ್ಯಾಂಕಿಗೆ ಬರೋಣ. ವಿಮಾನದ ಲೆಕ್ಕ ಎಂಎಎಚ್‌ನಲ್ಲಿ ಅಲ್ಲ, ವಾಟ್-ಅವರ್‌ನಲ್ಲಿ, ಅಂದರೆ ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿಯ ಅಳತೆಯಲ್ಲಿ. ಎಂಎಎಚ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74 ಆಗುತ್ತದೆ, ನಿಮ್ಮ 30,000ದ್ದು 111. ಮಿತಿ 100. 100ರಿಂದ 160ರವರೆಗಿನದಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಒಬ್ಬರಿಗೆ ಎರಡೇ. 160 ದಾಟಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ರ ಆಸುಪಾಸಿಗೆ ಬಂದು ನಿಂತುಬಿಡುವುದೂ ಈ ನಿಯಮಕ್ಕೆ ಹೆದರಿಯೇ. ಒಪ್ಪಿಗೆ ಕೇಳಿ ಪತ್ರ ಬರೆದು ಅಲೆಯುವುದಕ್ಕಿಂತ ನಿಮ್ಮದನ್ನು ಮನೆಯಲ್ಲಿ ಬಿಟ್ಟು 20,000 ಅಥವಾ 10,000ದ್ದನ್ನು ಒಯ್ಯಿರಿ. ಅದರ ಮೇಲಿನ ಅಂಕಿಗಳು ಅಳಿಸಿಹೋಗಿರಬಾರದು. ಅಂಕಿ ಕಾಣದಿದ್ದರೆ ತಪಾಸಕರು ನಿಮ್ಮ ಮಾತನ್ನು ನಂಬಬೇಕಾಗಿಲ್ಲ.

ವಿಮಾನದೊಳಗೂ ಅದು ತಲೆಯ ಮೇಲಿನ ಕಪಾಟಿನಲ್ಲಿ ಬೇಡ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಬಳಿಯ ಗಿಮ್ಹೆ ನಿಲ್ದಾಣದಲ್ಲಿ ಇನ್ನೇನು ಹೊರಡಲಿದ್ದ ಏರ್ ಬುಸಾನ್ ವಿಮಾನದ ಕಪಾಟಿನಲ್ಲಿ ಬೆಂಕಿ ಕಾಣಿಸಿಕೊಂಡು ವಿಮಾನವೇ ಸುಟ್ಟುಹೋಯಿತು. ಜನರೆಲ್ಲ ಹೊರಬಂದರು. ಪವರ್ ಬ್ಯಾಂಕೇ ಕಾರಣವಿರಬಹುದು ಎಂದರು ತನಿಖೆಗಾರರು. ಅದಾದ ಮೇಲೆ ಕೊರಿಯಾ ಕಪಾಟಿನಲ್ಲಿ ಪವರ್ ಬ್ಯಾಂಕ್ ಇಡುವುದನ್ನು ನಿಷೇಧಿಸಿತು, ಸಿಂಗಪುರ ಏರ್‌ಲೈನ್ಸ್ ವಿಮಾನದೊಳಗೆ ಅದರಿಂದ ಚಾರ್ಜ್ ಮಾಡುವುದನ್ನೇ ನಿಲ್ಲಿಸಿತು, ಇತರರೂ ಅದೇ ದಾರಿ ಹಿಡಿಯುತ್ತಿದ್ದಾರೆ. ಕೈಗೆಟಕುವಲ್ಲಿ ಇಟ್ಟುಕೊಳ್ಳಿ, ಬಳಸಬೇಡಿ. ಫೋನು ಸೀಟಿನ ಸಂದಿಯಲ್ಲಿ ಬಿದ್ದರೆ ಸೀಟನ್ನು ಹಿಂದೆ ಮುಂದೆ ಸರಿಸದೆ ಸಿಬ್ಬಂದಿಯನ್ನು ಕರೆಯಿರಿ. ಸೀಟಿನ ಕೀಲಿಗೆ ಸಿಕ್ಕಿ ಜಜ್ಜಿಹೋದ ಫೋನೂ ಹೊತ್ತಿಕೊಳ್ಳುತ್ತದೆ.

ಶಿವಮೊಗ್ಗದಿಂದ ಹೊರಡುವವರಿಗೆ ಒಂದು ವಿಶೇಷ ಎಚ್ಚರಿಕೆ. ಎಟಿಆರ್‌ನಂತಹ ಚಿಕ್ಕ ವಿಮಾನಗಳಲ್ಲಿ ಕಪಾಟುಗಳು ಕಿರಿದು. ಚಕ್ರದ ಕೈಪೆಟ್ಟಿಗೆಯನ್ನು ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುವುದುಂಟು. ಆ ಗಡಿಬಿಡಿಯಲ್ಲಿ ಪವರ್ ಬ್ಯಾಂಕ್ ಒಳಗೇ ಉಳಿದುಬಿಡುತ್ತದೆ. ಪವರ್ ಬ್ಯಾಂಕ್, ಲ್ಯಾಪ್‌ಟಾಪ್, ಟ್ಯಾಬ್ ಮೂರನ್ನೂ ಪ್ರತ್ಯೇಕ ಚಿಕ್ಕ ಚೀಲದಲ್ಲಿಟ್ಟು ಅದನ್ನು ಪೆಟ್ಟಿಗೆಯ ಬಾಯಲ್ಲೇ ಇರಿಸಿ. ಯಾರಾದರೂ ಪೆಟ್ಟಿಗೆ ಕೊಡಿ ಎಂದ ಕೂಡಲೇ ಆ ಚೀಲವನ್ನು ಎಳೆದುಕೊಂಡರಾಯಿತು.

ನಮ್ಮ ನಿಲ್ದಾಣಗಳದೇ ಆದ ತೊಂದರೆ ಇನ್ನೊಂದಿದೆ. ಚೀಲ ಯಂತ್ರದಿಂದ ಆಚೆ ಬಂದು ಕುಳಿತಿರುತ್ತದೆ, ನೀವು ಇನ್ನೂ ಮೈತಪಾಸಣೆಯ ಸಾಲಿನಲ್ಲಿ ಈಚೆ ನಿಂತಿರುತ್ತೀರಿ. ಮಹಿಳೆಯರಿಗೆ ಪರದೆಯ ಮರೆಯಲ್ಲಿ ತಪಾಸಣೆ ನಡೆಯುವುದರಿಂದ ನಿಮ್ಮ ಪತ್ನಿಗೆ ಆ ಹೊತ್ತಿನಲ್ಲಿ ಟ್ರೇ ಕಾಣುವುದೇ ಇಲ್ಲ. ಅಲ್ಲಿ ಕಳ್ಳತನಕ್ಕಿಂತ ಹೆಚ್ಚಾಗಿ ಆಗುವುದು ಅದಲುಬದಲು, ಬೂದು ಬಣ್ಣದ ಲ್ಯಾಪ್‌ಟಾಪ್‌ಗಳೆಲ್ಲ ಒಂದೇ ಥರ. ಹೊದಿಕೆಯ ಮೇಲೆ ಎದ್ದು ಕಾಣುವ ಸ್ಟಿಕ್ಕರ್ ಅಂಟಿಸಿ. ಮೈತಪಾಸಣೆಯ ಸರದಿ ಹತ್ತಿರ ಬರುವವರೆಗೆ ಟ್ರೇಯನ್ನು ಪಟ್ಟಿಯ ಮೇಲೆ ತಳ್ಳಬೇಡಿ. ಇಬ್ಬರಲ್ಲಿ ಒಬ್ಬರು ಮೊದಲು ಆಚೆ ಹೋಗಿ ನಿಂತ ಮೇಲೆ ಇನ್ನೊಬ್ಬರು ಸಾಮಾನು ಕಳುಹಿಸಿ. ಹಿಂದಿನವರು ಗೊಣಗಿದರೆ ಗೊಣಗಲಿ.

ಸಿಪ್ಯಾಪ್ ಯಂತ್ರವನ್ನು ಕೈಸಾಮಾನಿನಲ್ಲೇ ಒಯ್ಯಿರಿ. ಸಾಮಾನ್ಯವಾಗಿ ವೈದ್ಯಕೀಯ ಸಾಧನವನ್ನು ಕೈಸಾಮಾನಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ನಿಮ್ಮ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ. ನೀರಿನ ತೊಟ್ಟಿ ಪೂರ್ತಿ ಖಾಲಿಯಿರಲಿ. ಅಮೆರಿಕದಲ್ಲಿ ಯಂತ್ರವನ್ನು ಚೀಲದಿಂದ ತೆಗೆದು ಟ್ರೇಯಲ್ಲಿಡಲು ಹೇಳುತ್ತಾರೆ, ಮುಖವಾಡ ಮತ್ತು ಕೊಳವೆ ಚೀಲದಲ್ಲೇ ಇರಬಹುದು. ಟ್ರೇ ಕೊಳಕಾಗಿ ಕಂಡರೆ ಯಂತ್ರವನ್ನು ಶುಭ್ರವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬಹುದು. ಅದಕ್ಕೆ ಪ್ರತ್ಯೇಕ ಬ್ಯಾಟರಿಯಿದ್ದರೆ ವಾಟ್-ಅವರ್ ಲೆಕ್ಕ ಅದಕ್ಕೂ ಅನ್ವಯಿಸುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಮತ್ತೊಮ್ಮೆ ಪೂರ್ತಿ ತಪಾಸಣೆ ಇರುತ್ತದೆ ಎಂದುಕೊಂಡೇ ಹೊರಡಿ. ಬೆಂಗಳೂರಿನಲ್ಲಿ ಆಗಿದೆಯಲ್ಲ ಎಂಬುದು ಅಲ್ಲಿ ನಡೆಯುವುದಿಲ್ಲ. ಎರಡು ವಿಮಾನಗಳ ನಡುವೆ ಒಂದೂಕಾಲು ಗಂಟೆಯ ಟಿಕೆಟ್ ಯಾರಾದರೂ ಮಾಡಿಕೊಟ್ಟಿದ್ದರೆ, ನಿಮ್ಮ ವಯಸ್ಸು, ಇಷ್ಟು ಸಾಮಾನು ಎರಡನ್ನೂ ನೋಡಿದರೆ ಅದು ಕಡಿಮೆಯಾಯಿತು. ಈಗಲೇ ಬದಲಾಯಿಸಿ.

ಮರಳುವಾಗಿನ ಎರಡು ಮಾತು. ಮಗಳು ಕುದುರೆಮುಖದ ಚಾರಣಕ್ಕೆ ಇರಲೆಂದು ಉಪಗ್ರಹ ಫೋನನ್ನೋ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಪುಟ್ಟ ಸಾಧನವನ್ನೋ ಉಡುಗೊರೆ ಕೊಟ್ಟರೆ ದಯವಿಟ್ಟು ತರಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅವು ಭಾರತದಲ್ಲಿ ಅಪರಾಧ, ನಮ್ಮ ನಿಲ್ದಾಣಗಳ ತಪಾಸಣೆಯಲ್ಲಿ ಇಂತಹ ಸಾಧನದೊಂದಿಗೆ ಸಿಕ್ಕ ವಿದೇಶಿ ಪ್ರವಾಸಿಗರ ಬಂಧನವೂ ಆಗಿದೆ. ಲ್ಯಾಪ್‌ಟಾಪಿನ ವಿಷಯದಲ್ಲಿ ಸುಂಕದವರು ಉದಾರಿಗಳು: 18 ವರ್ಷ ದಾಟಿದ ಪ್ರತಿ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ನಿಮ್ಮಿಬ್ಬರಿಗೆ ಎರಡು. ಇಲ್ಲಿಂದ ಒಯ್ದ ಹಳೆಯವುಗಳ ಬಿಲ್ಲಿನ ಫೋಟೊ ಫೋನಿನಲ್ಲಿರಲಿ. ಅಲ್ಲಿಂದ ಹೊಸದೊಂದು ಮೂರನೆಯದಾಗಿ ಸೇರಿಕೊಂಡರೆ ಸುಂಕ ಕಟ್ಟುವುದಿಲ್ಲದವರ ಹಸಿರು ದಾರಿಯಲ್ಲಿ ನುಸುಳಲು ನೋಡದೆ, ಸುಂಕ ಕಟ್ಟುವವರ ಕೆಂಪು ದಾರಿಯಲ್ಲಿ ಹೋಗಿ ತೋರಿಸಿ.